ಪ್ರೋಷಧೋಪವಾಸದಲ್ಲಿ ಕಿವಿಯನ್ನೊತ್ತುವ ಚಿಕಿತ್ಸೆ: ಗ್ರಾಹ್ಯವೇ, ಅಗ್ರಾಹ್ಯವೇ?

ಕಳೆದ ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಕಲಬುರಗಿಯ ನಮ್ಮ ಖೂಬಾ ಪ್ಲಾಟಿನ ಒಂದು ಮನೆಯಲ್ಲಿ ಸಂಜೆಯ ಸ್ವಾಧ್ಯಾಯ ಮುಗಿದ ಬಳಿಕ ಶ್ರಾವಿಕೆಯೊಬ್ಬರು ಒಂದು ಪ್ರಶ್ನೆಯನ್ನಿಟ್ಟರು. “ಸರ್, ಉಪವಾಸದ ದಿನ ಮಧ್ಯಾಹ್ನ ಆದ್ರ ತಲಿ ಸಿಡೀತದ. ಕಿವಿ ಒತ್ತಿಕೊಂಡ್ರ ಹಗುರಾಗ್ತದ ಅಂತ ಸೊಸಿ ಕಲಿಸ್ಯಾಳ್ರಿ. ವ್ರತಕ್ಕ ಏನಾರ ದೋಷ ಬರ್ತದೇನ್ರಿ?” ಅವರ ಮಾತು ಮುಗಿಯುವಷ್ಟರಲ್ಲಿ ಇನ್ನೊಬ್ಬರು, ಕಿವಿಯ ರಂಧ್ರದ ಮುಂದಿರುವ ತುಣುಕನ್ನು ಒತ್ತುತ್ತಿದ್ದರೆ ಹಸಿವೆಯೇ ಆಗುವುದಿಲ್ಲವಂತೆ, ಹಾಗಾದರೆ ಹತ್ತು ಉಪವಾಸಗಳೂ ಸಲೀಸಾಗಿ ಸಾಗುವುವಲ್ಲವೇ ಎಂದು ಕೇಳಿದರು.

ಎರಡೂ ಪ್ರಶ್ನೆಗಳು ಮೇಲುನೋಟಕ್ಕೆ ಒಂದೇ ತೆರನಾಗಿವೆ. ವಾಸ್ತವದಲ್ಲಿ ಅವುಗಳ ನಡುವೆ ಬಹಳ ಅಂತರವಿದೆ. ಮೊದಲನೆಯವರು ವ್ರತವನ್ನು ನಿರಾಕುಲವಾಗಿ ಆಚರಿಸಲು ಒಂದು ಆಸರೆಯನ್ನು ಕೇಳಿದರು. ಎರಡನೆಯವರು ವ್ರತದ ತಿರುಳನ್ನೇ ತೆಗೆದಿಡುವ ಉಪಾಯವನ್ನು ಕೇಳಿದರು. ಅಂದು ಹೊತ್ತಾಗಿದ್ದುದರಿಂದ ಸಂಕ್ಷೇಪವಾಗಿ ಉತ್ತರಿಸಿ ಎದ್ದೆನು. ವಿಷಯವು ಈಗ ಅನೇಕ ಮನೆಗಳಲ್ಲಿ ಹಬ್ಬಿರುವುದರಿಂದ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಕಿವಿಯನ್ನೊತ್ತುವ ಈ ಪದ್ಧತಿ ಸಾವಿರಾರು ವರ್ಷಗಳ ಹಿಂದಿನದೆಂದು ಕೆಲವು ಕರಪತ್ರಗಳಲ್ಲಿ ಬರೆದಿರುತ್ತಾರೆ. ಚೀನ ದೇಶದ ಹಳೆಯ ವೈದ್ಯದಲ್ಲಿ ಕಿವಿಗೂ ಉಳಿದ ಅಂಗಗಳಿಗೂ ಸಂಬಂಧವನ್ನು ಹೇಳಿರುವುದು ನಿಜ. ಆದರೆ ಇಂದು ಗೋಡೆಪಟಗಳಲ್ಲಿ ಕಾಣುವ, ಕಿವಿಯ ಮೇಲೆ ತಲೆಕೆಳಗಾದ ಶಿಶುವನ್ನು ಬಿಡಿಸಿದಂತಿರುವ ನಕ್ಷೆಯು ಹುಟ್ಟಿದ್ದು ಫ್ರಾನ್ಸಿನಲ್ಲಿ. ಲಿಯಾನ್ ನಗರದ ವೈದ್ಯ ಪಾಲ್ ನೋಜಿಯೇ ಎಂಬವರು 1950ರ ದಶಕದ ಆರಂಭದಲ್ಲಿ ತಮ್ಮ ಕೆಲವು ರೋಗಿಗಳ ಕಿವಿಯ ಮೇಲೆ ಸಣ್ಣ ಸುಟ್ಟಗಾಯದ ಗುರುತನ್ನು ಕಂಡರು. ವಿಚಾರಿಸಲಾಗಿ, ಸೊಂಟದಿಂದ ಕಾಲಿಗಿಳಿಯುವ ನರದ ನೋವಿಗೆ ನಾಟಿ ವೈದ್ಯರು ಹಾಗೆ ಸುಡುತ್ತಿದ್ದರೆಂದು ತಿಳಿಯಿತು. ಅದನ್ನೇ ಹಿಡಿದು ಅವರು ಕಿವಿಯ ಒಂದೊಂದು ಸ್ಥಾನಕ್ಕೂ ದೇಹದ ಒಂದೊಂದು ಭಾಗವನ್ನು ಹೊಂದಿಸಿ 1957ರ ಹೊತ್ತಿಗೆ ಪ್ರಕಟಿಸಿದರು. ಚೀನದ ವೈದ್ಯರು ಅದನ್ನು ಎತ್ತಿಕೊಂಡು ಬಿಂದುಗಳನ್ನು ಹೆಚ್ಚಿಸಿದರು. ಒಂದೊಂದು ದೇಶದಲ್ಲಿ ಒಂದೊಂದು ಹೆಸರಾಗಿ ಗೊಂದಲವೆದ್ದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಹೆಸರುಗಳನ್ನು ಏಕರೂಪಕ್ಕೆ ತರಲು 1990ರಲ್ಲಿ ಅದೇ ಲಿಯಾನಿನಲ್ಲಿ ತಜ್ಞರ ಸಭೆಯನ್ನು ಕೂಡಿಸಿತು.

ನಮ್ಮ ದೇಶಕ್ಕೆ ಚೀನದ ಸೂಜಿಚಿಕಿತ್ಸೆ ಬಂದ ಕಥೆಯ ಒಂದು ಎಳೆ ನಮ್ಮ ಪಕ್ಕದ ಊರಿನದು. 1938ರಲ್ಲಿ ಯುದ್ಧಪೀಡಿತ ಚೀನಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೋಲಾಪುರದಲ್ಲಿ ಜನಿಸಿದ ದ್ವಾರಕಾನಾಥ ಕೋಟ್ನೀಸರು ಒಬ್ಬರು. ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಂಗಡಿಗರಾಗಿದ್ದ ಬಿಜಯಕುಮಾರ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ಪ್ರಚಾರಕ್ಕೆ ತಂದರು. ಸೂಜಿಯ ಭಯವುಳ್ಳವರಿಗೆ ಬೆರಳಿನಿಂದ ಒತ್ತುವುದು ಸುಲಭವಾಗಿ ಕಂಡುದರಿಂದ ಆಕ್ಯುಪ್ರೆಶರ್ ಎಂಬ ಹೆಸರಿನಿಂದ ಅದು ಮನೆಮನೆಗೆ ಹರಡಿತು.

ಇಷ್ಟನ್ನು ಹೇಳಿದ್ದಕ್ಕೆ ಕಾರಣವುಂಟು. ಜಿನಬಿಂಬಗಳ ಕಿವಿಯ ಹಾಲೆಗಳು ನೀಳವಾಗಿರುವುದನ್ನು ತೋರಿಸಿ, ತೀರ್ಥಂಕರರಿಗೂ ಈ ವಿದ್ಯೆ ತಿಳಿದಿತ್ತೆಂದು ಉಪನ್ಯಾಸ ಮಾಡುವವರನ್ನು ಕೇಳಿದ್ದೇನೆ. ಬಿಂಬದ ನೀಳಕಿವಿಯು ಮಹಾಪುರುಷಲಕ್ಷಣವಾಗಿ ಶಿಲ್ಪಸಂಪ್ರದಾಯದಲ್ಲಿ ಬಂದುದು. ಅದಕ್ಕೆ ಲಿಯಾನಿನ ನಕ್ಷೆಯನ್ನು ಅಂಟಿಸುವುದರಿಂದ ಧರ್ಮಕ್ಕೂ ಗೌರವವಿಲ್ಲ, ಚಿಕಿತ್ಸೆಗೂ ಬಲವಿಲ್ಲ. ನಾನು ಓದಿದ ಶ್ರಾವಕಾಚಾರ ಗ್ರಂಥಗಳಲ್ಲಿ ಈ ಪದ್ಧತಿಯ ಹೆಸರಿಲ್ಲ. ಇಲ್ಲದುದನ್ನು ಉಂಟೆನ್ನುವುದು ಅಸತ್ಯವಲ್ಲವೇ?

ಇನ್ನು ಅದರ ಗುಣವೆಷ್ಟು ಎಂಬ ಪ್ರಶ್ನೆ. ಹೊರಕಿವಿಯು ಸಣ್ಣ ಅಂಗವಾದರೂ ಅದಕ್ಕೆ ಬರುವ ನರಗಳು ಹಲವು. ಕತ್ತಿನ ಬೆನ್ನುಹುರಿಯಿಂದ ಬರುವ ನರಗಳು ಕೆಲವು, ಮುಖದ ಸ್ಪರ್ಶವನ್ನು ತಿಳಿಸುವ ನರದ ಕವಲೊಂದು. ಇವಲ್ಲದೆ ಕಿವಿಯ ಬಟ್ಟಲಿನಂಥ ತಗ್ಗಿಗೆ ವೇಗಸ್ ಎಂಬ ಹತ್ತನೆಯ ಕಪಾಲನರದ ಒಂದು ಕವಲು ಬರುತ್ತದೆ. ಹೃದಯ, ಶ್ವಾಸಕೋಶ, ಜಠರಗಳನ್ನು ಸಂತೈಸಿ ನಡೆಸುವ ನರವೇ ಇದು. ಕೆಲವರಿಗೆ ಕಿವಿಯೊಳಗೆ ಕಡ್ಡಿಯಾಡಿಸಿದರೆ ಕೆಮ್ಮು ಬರುವುದಲ್ಲವೇ? ಅದು ಈ ನರದ ಆಟ. ಆದುದರಿಂದ ಕಿವಿಯನ್ನು ಮೆಲ್ಲಗೆ ಒತ್ತಿದಾಗ ಉಸಿರು ನಿಧಾನವಾಗಿ ಮನಸ್ಸು ತಿಳಿಯಾಗುವುದು ಅಸಂಭವವೇನೂ ಅಲ್ಲ. ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜಿದಾಗ ನೋವು ಕಡಮೆಯಾಗುವುದನ್ನು ಎಲ್ಲರೂ ಬಲ್ಲರು. ಒತ್ತುವಿಕೆಯ ಸಂವೇದನೆಯು ನೋವಿನ ಸಂವೇದನೆಯನ್ನು ಬೆನ್ನುಹುರಿಯ ಬಾಗಿಲಲ್ಲೇ ತಡೆಯುವುದೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿದ್ವಾಂಸರು 1965ರಲ್ಲಿ ವಿವರಿಸಿದರು.

ಅದೇ ಮೆಲ್ಜಾಕರು 1984ರಲ್ಲಿ ಹಳೆಯ ನೋವಿನಿಂದ ಬಳಲುತ್ತಿದ್ದ 36 ಜನರ ಮೇಲೆ ಕಿವಿಚಿಕಿತ್ಸೆಯನ್ನು ಪರೀಕ್ಷಿಸಿ ನೋಡಿದರು. ನಿಜವಾದ ಬಿಂದುವಿನಲ್ಲಿ ಮಾಡಿದುದಕ್ಕೂ ಹುಸಿಯಾಗಿ ಮಾಡಿದುದಕ್ಕೂ ಭೇದ ಕಾಣಲಿಲ್ಲ. ಆಮೇಲಿನ ವರ್ಷಗಳಲ್ಲಿ ನಿದ್ರಾಹೀನತೆ, ಶಸ್ತ್ರಚಿಕಿತ್ಸೆಗೆ ಮುಂಚಿನ ಭಯ, ಕೆಲವು ಬಗೆಯ ನೋವು ಇವುಗಳಲ್ಲಿ ಉಪಯೋಗವಾಯಿತೆಂದು ಹೇಳುವ ಪರೀಕ್ಷೆಗಳು ಅನೇಕ ಬಂದಿವೆ. ಅವುಗಳಲ್ಲಿ ಬಹಳಷ್ಟು ಚಿಕ್ಕವು, ಬಿಗಿಯಿಲ್ಲದವು ಎಂದು ಪರಿಶೀಲಿಸಿದವರೇ ಹೇಳುತ್ತಾರೆ. ಎರಡನ್ನೂ ತೂಗಿ ನೋಡಿದಾಗ ನನಗೆ ತೋರುವುದಿಷ್ಟು: ಕಿವಿಯನ್ನೊತ್ತಿ ಕುಳಿತುಕೊಳ್ಳುವುದರಿಂದ ಸ್ವಲ್ಪ ಶಾಂತಿ, ಸ್ವಲ್ಪ ನೋವಿನ ಉಪಶಮನ ದೊರೆಯಬಹುದು. ಇಂಥ ಬಿಂದುವಿಗೆ ಇಂಥ ಅಂಗವೆಂಬ ನಕ್ಷೆಯು ಸಿದ್ಧವಾದ ಮಾತಲ್ಲ. ಯಕೃತ್ತಿನ ಬಿಂದು, ಮೂತ್ರಪಿಂಡದ ಬಿಂದು ಎಂದು ಹುಡುಕುತ್ತ ಕಿವಿಯನ್ನು ಕೆಂಪಗೆ ಮಾಡಿಕೊಳ್ಳುವ ಅವಶ್ಯಕತೆಯಿಲ್ಲ.

ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದ ನನಗೆ ಈ ಪ್ರಸಂಗದಲ್ಲಿ ಒಂದು ನಗೆಯ ನೆನಪು. ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಾಗ, “ಸರ್, ನೀವು ಅವತ್ತು ಕಿವಿ ಹಿಂಡಿದ್ದಕ್ಕೇ ನಾ ಪಾಸಾದೆ ನೋಡ್ರಿ, ಅದು ಆಕ್ಯುಪ್ರೆಶರ್ ಅಂತ ಈಗ ತಿಳೀತು” ಎಂದನು. ಅವನು ಪಾಸಾದುದು ಓದಿದ್ದರಿಂದ. ನಾನು ಹಿಂಡಿದುದು ಸಿಟ್ಟಿನಿಂದ, ಅದು ಹಿಂಸೆಯೇ ಸರಿ. 2009ರ ಶಿಕ್ಷಣ ಹಕ್ಕು ಕಾಯಿದೆಯು ಅದನ್ನು ನಿಷೇಧಿಸಿದುದು ನ್ಯಾಯವಾಗಿದೆ.

ಈಗ ಶಾಸ್ತ್ರವಿಚಾರಕ್ಕೆ ಬರೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧೋಪವಾಸವನ್ನು ವಿವರಿಸುವಾಗ, ಉಪವಾಸದ ದಿನ ಚತುರ್ವಿಧಾಹಾರದೊಡನೆ ಬೇರೆ ಏನೇನನ್ನು ಬಿಡಬೇಕೆಂದು ಎಣಿಸಿದ್ದಾರೆ. ಐದು ಪಾಪಗಳು, ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯ. ಈ ಪಟ್ಟಿಯ ಕೊನೆಯ ಎರಡು ಪದಗಳನ್ನು ಗಮನಿಸಬೇಕು. ಅಂಜನವೆಂದರೆ ಕಣ್ಣಿಗೆ ಹಚ್ಚುವ ಕಾಡಿಗೆ, ನಸ್ಯವೆಂದರೆ ಮೂಗಿನಿಂದ ಸೇದುವ ಪುಡಿ ಅಥವಾ ಮೂಗಿಗೆ ಬಿಡುವ ಔಷಧ. ಹಾಗಾದರೆ ಕಿವಿಯ ಚಿಕಿತ್ಸೆಯೂ ಇದೇ ಸಾಲಿಗೆ ಸೇರಬೇಡವೇ ಎಂದು ಶಂಕೆ ಬರುವುದು ಸಹಜ.

ನನ್ನ ಸಮಾಧಾನವೇನೆಂದರೆ, ಅಂಜನ ನಸ್ಯಗಳಲ್ಲಿ ಹೊರಗಿನ ಒಂದು ದ್ರವ್ಯವು ಶರೀರಕ್ಕೆ ಸೇರುತ್ತದೆ. ಶೃಂಗಾರದ ಅಥವಾ ಉತ್ತೇಜನದ ಭಾವವೂ ಅದರೊಡನೆ ಬರುತ್ತದೆ. ಬೆರಳಿನಿಂದ ಕಿವಿಯನ್ನೊತ್ತುವಾಗ ಯಾವ ದ್ರವ್ಯವೂ ಒಳಗೆ ಹೋಗುವುದಿಲ್ಲ, ಯಾವ ಆರಂಭವೂ ನಡೆಯುವುದಿಲ್ಲ. ನಡೆಯುತ್ತಿರುವಾಗ ಕಾಲು ನೊಂದರೆ ಕುಳಿತು ಕಾಲೊತ್ತಿಕೊಳ್ಳುವುದರಿಂದ ಉಪವಾಸ ಕೆಡುವುದೇ? ಹಾಗೆಯೇ ಇದೂ. ಆದುದರಿಂದ ಪಾಕ್ಷಿಕ ಶ್ರಾವಕರಿಗೆ ದೋಷವಿಲ್ಲವೆಂದು ನಾನು ಭಾವಿಸುತ್ತೇನೆ. ನಾಲ್ಕನೆಯದಾದ ಪ್ರೋಷಧ ಪ್ರತಿಮೆಯನ್ನೂ ಅದಕ್ಕೆ ಮೇಲಿನವುಗಳನ್ನೂ ಧರಿಸಿದವರು ನನ್ನಂಥ ಮಾಸ್ತರನ ಮಾತಿಗೆ ನಿಲ್ಲದೆ ತಮ್ಮ ದೀಕ್ಷಾಗುರುಗಳನ್ನು ಕೇಳುವುದು ಯುಕ್ತ.

ಆದರೆ ಆಚಾರ್ಯರು ಅಷ್ಟಕ್ಕೇ ನಿಲ್ಲಿಸಿಲ್ಲ. ಉಪವಾಸಿಯು ಧರ್ಮವೆಂಬ ಅಮೃತವನ್ನು ತನ್ನ ಎರಡು ಕಿವಿಗಳಿಂದ ಬಾಯಾರಿದವನಂತೆ ಕುಡಿಯಲಿ, ಇತರರಿಗೂ ಕುಡಿಸಲಿ, ತೂಕಡಿಸದೆ ಜ್ಞಾನಧ್ಯಾನಗಳಲ್ಲಿ ತೊಡಗಲಿ ಎಂಬ ಅಭಿಪ್ರಾಯವನ್ನು ಕೂಡಲೇ ಮುಂದೆ ಹೇಳುತ್ತಾರೆ. ಉಪವಾಸದ ದಿನ ಕಿವಿಗೆ ನಿಯಮಿಸಿದ ಕೆಲಸವು ಇದು. ತಲೆ ಸಿಡಿಯುತ್ತ ಶಾಸ್ತ್ರಶ್ರವಣದಲ್ಲಿ ಮನಸ್ಸು ನಿಲ್ಲದಿದ್ದಾಗ ಎರಡು ನಿಮಿಷ ಕಿವಿಯನ್ನೊತ್ತಿ ಮತ್ತೆ ಶ್ರವಣಕ್ಕೆ ಕುಳಿತರೆ ಒತ್ತಿದುದು ಸಾರ್ಥಕ. ಇಡೀ ಮಧ್ಯಾಹ್ನ ಕನ್ನಡಿಯ ಮುಂದೆ ಕುಳಿತು ಬಿಂದು ಹುಡುಕುವವರಿಗೆ ತತ್ತ್ವಾರ್ಥಸೂತ್ರದಲ್ಲಿ ಹೇಳಿದ ನಾಲ್ಕು ಆರ್ತಧ್ಯಾನಗಳಲ್ಲಿ ವೇದನೆಯ ಆರ್ತಧ್ಯಾನವು ಪ್ರಾಪ್ತವಾಗಿದೆಯೆಂದೇ ತಿಳಿಯಬೇಕು.

ವ್ರತಿಯಾದವನು ಚಿಕಿತ್ಸೆಯ ಹೆಸರನ್ನೇ ಎತ್ತಬಾರದು, ಅಸಾತಾವೇದನೀಯದ ಉದಯವನ್ನು ಸಹಿಸುವುದೇ ಧರ್ಮವೆಂದು ಹೇಳುವ ಹಿರಿಯರೂ ಇದ್ದಾರೆ. ಅವರ ದೃಢತೆಗೆ ನಮಸ್ಕಾರ. ಆದರೆ ನಮ್ಮ ಪರಂಪರೆಯು ಔಷಧವನ್ನು ದೂರವಿಟ್ಟುದಲ್ಲ. ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಉಗ್ರಾದಿತ್ಯಾಚಾರ್ಯರು ಜೈನ ಮುನಿಗಳೇ. ಔಷಧಕ್ಕಾಗಿ ಮಾಂಸ ಬೇಕೆಂಬ ವಾದವನ್ನು ಅವರು ನೃಪತುಂಗನ ಸಭೆಯಲ್ಲಿ ಖಂಡಿಸಿದರೆಂದು ಆ ಗ್ರಂಥದಿಂದಲೇ ತಿಳಿಯುತ್ತದೆ. ಆ ನೃಪತುಂಗ ಅಮೋಘವರ್ಷನ ರಾಜಧಾನಿ ಮಾನ್ಯಖೇಟವು ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ. ಅಲ್ಲಿಯ ನೇಮಿನಾಥ ಬಸದಿಯ ದರ್ಶನವನ್ನು ವಾಚಕರಲ್ಲಿ ಅನೇಕರು ಮಾಡಿರುವಿರಿ. ಗ್ರಂಥವು 1940ರಲ್ಲಿ ಸೋಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಅಚ್ಚಾಯಿತು. ಉಗ್ರಾದಿತ್ಯರು ಔಷಧವನ್ನು ಬಿಡಲಿಲ್ಲ, ಹಿಂಸೆಯ ಔಷಧವನ್ನು ಬಿಟ್ಟರು ಎಂಬುದು ನಮಗೆ ಬೇಕಾದ ಅಂಶ. ಸಮಂತಭದ್ರಾಚಾರ್ಯರಿಗೇ ಭಸ್ಮಕವ್ಯಾಧಿ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಲು, ಗುರುಗಳು ಒಪ್ಪದೆ, ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಶಮನ ಮಾಡಿಕೊಂಡು ಮತ್ತೆ ದೀಕ್ಷೆಯನ್ನು ಹೊಂದಬೇಕೆಂದು ಆಜ್ಞಾಪಿಸಿದ ಕಥೆಯು ಪರಂಪರೆಯಲ್ಲಿ ಪ್ರಸಿದ್ಧವಾಗಿದೆ.

ಇನ್ನು ಒತ್ತುವ ಕ್ರಮ. ಅಷ್ಟಮಿ, ಚತುರ್ದಶಿಗಳಂದು ಅಲಂಕಾರತ್ಯಾಗವಿರುವುದರಿಂದ ಬೆಂಡೋಲೆ ಜುಮಕಿಗಳು ಕಿವಿಯಲ್ಲಿ ಇರುವುದಿಲ್ಲ, ಅದು ಅನುಕೂಲವೇ. ಉಗುರು ಕತ್ತರಿಸಿರಬೇಕು. ನೋಡದೆ, ಒರಸದೆ ವಸ್ತುವನ್ನು ಮುಟ್ಟುವುದು ಪ್ರೋಷಧದ ಅತಿಚಾರಗಳಲ್ಲಿ ಎಣಿಸಲ್ಪಟ್ಟಿದೆ; ಆ ಎಚ್ಚರವನ್ನೇ ಇಲ್ಲಿಗೂ ತಂದು, ಮೆತ್ತನೆಯ ಒಣ ಬಟ್ಟೆಯಿಂದ ಕಿವಿಯನ್ನು ಮೃದುವಾಗಿ ಒರಸಿಕೊಳ್ಳಬೇಕು. ಬೆನ್ನು ನೇರವಾಗಿಟ್ಟು ಕುಳಿತು, ಮೊದಲು ಹೆಬ್ಬೆರಳು ತೋರುಬೆರಳುಗಳ ನಡುವೆ ಕಿವಿಯ ಹೊರ ಅಂಚನ್ನು ಹಿಡಿದು ಮೇಲಿನಿಂದ ಹಾಲೆಯವರೆಗೆ ನಿಧಾನವಾಗಿ ಒತ್ತುತ್ತ ಬರಬೇಕು. ಎರಡು ಸಲ ಹೀಗೆ ಮಾಡಿದರೆ ಕಿವಿ ಬೆಚ್ಚಗಾಗುತ್ತದೆ.

ಬಳಿಕ ಕಿವಿಯ ಮೇಲ್ಭಾಗದಲ್ಲಿ, ಅಂಚಿನ ಮಡಿಕೆಯ ಒಳಗೆ ತ್ರಿಕೋಣಾಕಾರದ ಒಂದು ಪುಟ್ಟ ತಗ್ಗು ಬೆರಳಿಗೆ ಸಿಗುವುದು. ಚೀನದವರು ಶೆನ್ ಮೆನ್ ಎಂದು ಕರೆಯುವ ಬಿಂದು ಆ ತಗ್ಗಿನಲ್ಲಿದೆ. ಚೇತನದ ಬಾಗಿಲು ಎಂದು ಅದರರ್ಥ. ತೋರುಬೆರಳ ತುದಿಯನ್ನು ಅಲ್ಲಿಟ್ಟು, ಹೆಬ್ಬೆರಳನ್ನು ಕಿವಿಯ ಹಿಂದೆ ಆನಿಸಿ ಒತ್ತಬೇಕು. ಸಿಹಿನೋವು ಎನ್ನುವೆವಲ್ಲ, ಅಷ್ಟರಮಟ್ಟಿಗೆ ಸಾಕು. ತಲೆನೋವಿಗೆ ಹಾಲೆಯ ಮೇಲಂಚಿನಲ್ಲಿರುವ ಗಟ್ಟಿ ಉಬ್ಬನ್ನು ಒತ್ತುವ ರೂಢಿಯುಂಟು. ಈ ಎರಡು ಸ್ಥಾನಗಳಿಗಿಂತ ಹೆಚ್ಚಿನದು ಮನೆಯ ಉಪಯೋಗಕ್ಕೆ ಬೇಡ.

ಎಷ್ಟು ಹೊತ್ತು? ಗಡಿಯಾರ ಬೇಕಿಲ್ಲ, ಉಸಿರನ್ನು ಎಣಿಸಬಹುದು. ಒಂದು ಕಾಯೋತ್ಸರ್ಗದಲ್ಲಿ ಒಂಬತ್ತು ಸಲ ಣಮೋಕಾರ ಮಂತ್ರವನ್ನು 27 ಶ್ವಾಸೋಚ್ಛ್ವಾಸಗಳಲ್ಲಿ ಜಪಿಸುವ ಕ್ರಮವು ನಮಗೆಲ್ಲ ಪರಿಚಿತ. ಅಷ್ಟೇ 27 ಉಸಿರು, ಸುಮಾರು ಎರಡು ನಿಮಿಷ, ಒಂದೊಂದು ಕಿವಿಗೆ ಸಾಕು. ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಉಸಿರಿನ ಲೆಕ್ಕವನ್ನು ಮಾತ್ರ ಎರವಲು ಪಡೆಯತಕ್ಕದ್ದು. ಕಿವಿಯನ್ನೊತ್ತುತ್ತಲೇ ಕಾಯೋತ್ಸರ್ಗವೂ ಆಯಿತೆಂದು ಎಣಿಸಬಾರದು. ಕಾಯೋತ್ಸರ್ಗವೆಂದರೆ ಕಾಯದ ಮಮತೆಯನ್ನು ತೊರೆದು ನಿಲ್ಲುವುದು. ಕೈಯಲ್ಲಿ ಕಿವಿಯನ್ನು ಹಿಡಿದು ಕಾಯವನ್ನು ಬಿಟ್ಟೆನೆನ್ನುವುದು ಹೇಗೆ? ಒತ್ತುವುದನ್ನು ಮುಗಿಸಿ, ಕೈಗಳನ್ನು ಇಳಿಸಿ, ಆಮೇಲೆ ಸಾಮಾಯಿಕಕ್ಕೆ ಕುಳಿತುಕೊಳ್ಳಿರಿ.

ಕಿವಿಯಲ್ಲಿ ಹುಣ್ಣು, ಸೋರುವಿಕೆ, ಊತವಿದ್ದರೆ ಮುಟ್ಟಲೇಬಾರದು. ಹೊರಕಿವಿಯ ಮೇಲ್ಭಾಗವು ಮೃದ್ವಸ್ಥಿಯಿಂದಾದುದು. ಅದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ, ಮೇಲಿನ ಪೊರೆಯಿಂದ ಪೋಷಣೆಯನ್ನು ಪಡೆಯುತ್ತದೆ. ಅಲ್ಲಿ ಗಾಯವಾಗಿ ಕೀವಾದರೆ ಬೇಗ ಮಾಯುವುದಿಲ್ಲ, ಕಿವಿಯೇ ಮುರುಟಿಕೊಳ್ಳಬಹುದು. ಆದುದರಿಂದ ಪಿನ್ನು, ಬೆಂಕಿಕಡ್ಡಿ, ಪೆನ್ನಿನ ಮೊನೆ ಇವುಗಳಿಂದ ಒತ್ತುವುದು ಸರ್ವಥಾ ನಿಷಿದ್ಧ. ಗರ್ಭಿಣಿಯರೂ, ನಾಡಿ ತೀರ ನಿಧಾನವಾಗಿರುವ ಹೃದ್ರೋಗಿಗಳೂ ವೈದ್ಯರನ್ನು ಕೇಳದೆ ಮಾಡಬಾರದು.

ತಲೆನೋವಿನ ಬಗ್ಗೆ ಇನ್ನೊಂದು ಮಾತು. ಉಪವಾಸದ ಮಧ್ಯಾಹ್ನದ ತಲೆನೋವು ಅನೇಕ ವೇಳೆ ಹಸಿವೆಯದಲ್ಲ, ಚಹದ್ದು. ದಿನಕ್ಕೆ ನಾಲ್ಕು ಸಲ ಚಹ ಕುಡಿಯುವವರು ಒಮ್ಮೆಗೇ ಬಿಟ್ಟರೆ 12ರಿಂದ 24 ಗಂಟೆಗಳೊಳಗೆ ತಲೆನೋವು ಆರಂಭವಾಗುತ್ತದೆ. ಪರ್ವಕ್ಕೆ ಒಂದು ವಾರ ಮೊದಲಿನಿಂದಲೇ ದಿನಕ್ಕೊಂದರಂತೆ ಚಹವನ್ನು ಇಳಿಸುತ್ತ ಬಂದರೆ ಕಿವಿಯನ್ನೊತ್ತುವ ಪ್ರಮೇಯವೇ ಬರಲಾರದು. ನನಗೆ ಪ್ರಶ್ನೆ ಕೇಳಿದ ಶ್ರಾವಿಕೆಯ ಸಮಸ್ಯೆಯೂ ಇದೇ ಆಗಿತ್ತು.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಕಿವಿರಂಧ್ರದ ಮುಂದಿನ ತುಣುಕಿನ ಮೇಲೆ ಹಸಿವೆಯ ಬಿಂದುವೊಂದಿದೆಯೆಂದೂ ತೂಕ ಇಳಿಸುವವರು ಅದನ್ನು ಒತ್ತಬೇಕೆಂದೂ ಆ ವಿದ್ಯೆಯವರು ಹೇಳುತ್ತಾರೆ. ಅದು ನಿಜವೋ ಸುಳ್ಳೋ ಎಂಬುದು ಇಲ್ಲಿ ಮುಖ್ಯವಲ್ಲ. ನಿಜವೆಂದೇ ಇಟ್ಟುಕೊಳ್ಳೋಣ. ಇಪ್ಪತ್ತೆರಡು ಪರೀಷಹಗಳಲ್ಲಿ ಮೊದಲನೆಯದು ಕ್ಷುಧೆ, ಎರಡನೆಯದು ಪಿಪಾಸೆ. ಪರೀಷಹವನ್ನು ಜಯಿಸುವುದೆಂದರೆ ಅದು ಬಂದಾಗ ಅದನ್ನು ಅರಿತು, ಅದರಿಂದ ಕಲುಷಿತರಾಗದೆ ಇರುವುದು. ಹಸಿವೆಯನ್ನೇ ಮರಗಟ್ಟಿಸಿಕೊಂಡ ಮೇಲೆ ಜಯಿಸುವುದು ಯಾವುದನ್ನು? ಮಾತ್ರೆ ನುಂಗಿ ಹಸಿವೆಯಡಗಿಸಿ ಅನ್ನವನ್ನು ಬಿಟ್ಟವನಿಗೂ ಅನಶನ ತಪಸ್ಸಿನ ಫಲವುಂಟೆನ್ನಬಹುದೇ? ಊಟವಿಲ್ಲದಿರುವುದಕ್ಕೆ ಲಂಘನವೆಂದು ಹೆಸರು, ಅದನ್ನು ಜ್ವರ ಬಂದವನೂ ಮಾಡುತ್ತಾನೆ. ಹಸಿವೆ ತಡೆಯಲಾರದಷ್ಟಾದರೆ ಶಕ್ತಿಗೆ ಮೀರಿದ ವ್ರತವನ್ನು ಹಿಡಿದಿದ್ದೇವೆಂದು ತಿಳಿದು ಕೆಳಗಿನ ಮೆಟ್ಟಿಲಿಗೆ ಇಳಿಯುವುದೇ ಮಾರ್ಗ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಮಾತ್ರ ಶಕ್ತಿತಃ, ಅಂದರೆ ಶಕ್ತಿಗನುಸಾರವಾಗಿ ಎಂಬ ವಿಶೇಷಣವನ್ನು ಸೇರಿಸಿರುವುದು ನಿಷ್ಕಾರಣವಾಗಿಯೇ?

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನ ಮನೆಯಲ್ಲೇ ನಡೆದ ಒಂದು ಪ್ರಸಂಗವು ಕಾರಣ. ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. ಎರಡು ವರ್ಷಗಳ ಹಿಂದೆ ಅನಂತಚತುರ್ದಶಿಯಂದು ನನ್ನ ಅಕ್ಕ ನೀರನ್ನು ಮಾತ್ರ ಸ್ವೀಕರಿಸಿ ಉಪವಾಸವಿದ್ದಳು. ಅವಳಿಗೆ ಎಪ್ಪತ್ತು ದಾಟಿದೆ, ಮಧುಮೇಹವಿದೆ. ಗುಳಿಗೆ ತಪ್ಪಿಸಬಾರದೆಂದು ವೈದ್ಯರು ಎಂದೋ ಹೇಳಿದ್ದನ್ನು ನೆನಪಿಟ್ಟು, ಬೆಳಿಗ್ಗೆ ಎಂದಿನ ಗುಳಿಗೆಯನ್ನು ಪ್ರಾಸುಕ ನೀರಿನೊಡನೆ ತೆಗೆದುಕೊಂಡಿದ್ದಳು. ನಾವಾರೂ ವಿಚಾರಿಸಲಿಲ್ಲ. ಮಧ್ಯಾಹ್ನ ನಾಲ್ಕರ ಸುಮಾರಿಗೆ, “ತಮ್ಮಾ, ಕೈ ನಡಗಾಕತ್ತಾವ” ಎಂದಳು. ಹಣೆಯಲ್ಲಿ ಬೆವರಿತ್ತು. ಕಿವಿಯನ್ನೊತ್ತುವುದನ್ನು ಅವಳಿಗೆ ಕಲಿಸಿದವನು ನಾನೇ. ಉಪವಾಸದ ಆಯಾಸವಷ್ಟೇ ಎಂದು ಹೇಳಿ ಅವಳ ಪಕ್ಕದಲ್ಲಿ ಕುಳಿತು ಒತ್ತತೊಡಗಿದೆ. ಹತ್ತು ನಿಮಿಷ ಕಳೆಯಿತು. ಅವಳು ನನ್ನನ್ನು ನೋಡಿ, ಎಂದೋ ತೀರಿಕೊಂಡ ನಮ್ಮ ತಂದೆಯ ಹೆಸರಿನಿಂದ ಕರೆದಳು. ಆಗ ನನಗೆ ಕೈಕಾಲು ತಣ್ಣಗಾದುವು. ಪಕ್ಕದ ಮನೆಯ ಹುಡುಗಿ, ನರ್ಸಿಂಗ್ ಓದುತ್ತಿದ್ದವಳು, ಓಡಿ ಬಂದು ಬೆರಳಿನ ರಕ್ತವನ್ನು ಯಂತ್ರದಲ್ಲಿ ನೋಡಿದಳು. ಸಕ್ಕರೆಯ ಪ್ರಮಾಣ 50ಕ್ಕಿಂತ ಕೆಳಗಿಳಿದಿತ್ತು. ನುಂಗುವ ಶಕ್ತಿ ಇನ್ನೂ ಇದ್ದುದರಿಂದ ಸಕ್ಕರೆ ನೀರನ್ನು ಕುಡಿಸಿ, ಆಟೋ ತರಿಸಿ ಆಸ್ಪತ್ರೆಗೆ ಒಯ್ದೆವು. ಅಕ್ಕ ಉಳಿದಳು. ಆ ಹತ್ತು ನಿಮಿಷಗಳು ನನ್ನ ಲೆಕ್ಕದಲ್ಲಿವೆ.

ಮಧುಮೇಹದ ಕೆಲವು ಗುಳಿಗೆಗಳೂ ಇನ್ಸುಲಿನ್ ಚುಚ್ಚುಮದ್ದೂ ಊಟ ಮಾಡಲಿ ಬಿಡಲಿ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಪರ್ವಕ್ಕೆ ಮುಂಚೆಯೇ ವೈದ್ಯರ ಬಳಿಗೆ ಹೋಗಿ, ಇಂಥ ದಿನ ಏಕಭುಕ್ತ, ಇಂಥ ದಿನ ಉಪವಾಸವೆಂದು ಬಿಡಿಸಿ ಹೇಳಿ, ಗುಳಿಗೆಯ ಪ್ರಮಾಣವನ್ನು ಕೇಳಿಕೊಂಡು ಬರಬೇಕು. ನಡುಕ, ತಣ್ಣನೆಯ ಬೆವರು, ಎದೆಬಡಿತ, ಮಾತಿನಲ್ಲಿ ಗೊಂದಲ ಕಂಡರೆ ಕಿವಿಯನ್ನು ಹುಡುಕಬಾರದು. ರಕ್ತದ ಸಕ್ಕರೆ 70ಕ್ಕಿಂತ ಕಡಮೆಯಿದ್ದರೆ, ಅಥವಾ ಯಂತ್ರವಿಲ್ಲದೆ ಸಂಶಯವಷ್ಟೇ ಇದ್ದರೂ, 15 ಗ್ರಾಂ ಅಂದರೆ ಮೂರು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೂಡಲೇ ಕುಡಿಸಬೇಕು. 15 ನಿಮಿಷದ ಮೇಲೆ ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಎದೆನೋವು, ಒಂದು ಪಕ್ಕದ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು ಇವುಗಳಿಗೂ ಒತ್ತುಚಿಕಿತ್ಸೆಯಲ್ಲಿ ಉತ್ತರವಿಲ್ಲ. ನಮ್ಮ ಭಾಗದಲ್ಲಿ ಚೈತ್ರ ವೈಶಾಖಗಳ ಅಷ್ಟಮಿ ಚತುರ್ದಶಿಗಳು ಬಲು ಕಠಿನ. ಬಿಸಿಲು 42 ಡಿಗ್ರಿಯನ್ನು ದಾಟುವ ದಿನಗಳಲ್ಲಿ ನೀರನ್ನೂ ಬಿಟ್ಟ ವೃದ್ಧರು ಎದ್ದು ನಿಂತೊಡನೆ ಕಣ್ಣು ಕತ್ತಲೆಗಟ್ಟುವುದೆಂದರೆ, ಮೂತ್ರವು ತೀರ ಕಡಮೆಯಾಗಿದೆಯೆಂದರೆ, ಅದು ಶರೀರದಲ್ಲಿ ನೀರು ಬತ್ತಿದ ಸೂಚನೆ.

ಆಗ ವ್ರತದ ಗತಿಯೇನು ಎಂದು ಅಕ್ಕನೂ ಎಚ್ಚರವಾದ ಮೇಲೆ ಅಳುತ್ತ ಕೇಳಿದಳು. ವ್ರತಕ್ಕೆ ಭಂಗ ಬಂದರೆ ಗುರುಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತವನ್ನು ಪಡೆಯುವ ಮಾರ್ಗವಿದೆ. ಅವಳು ಹಾಗೆಯೇ ಮಾಡಿದಳು. ಮುಂದಿನ ದಾರಿಯನ್ನು ಆಶಾಧರ ಪಂಡಿತರು ಹದಿಮೂರನೆಯ ಶತಮಾನದಲ್ಲೇ ಸಾಗಾರಧರ್ಮಾಮೃತದಲ್ಲಿ ತೋರಿಸಿಟ್ಟಿದ್ದಾರೆ. ಉಪವಾಸಕ್ಕೆ ಶಕ್ತಿಯಿಲ್ಲದವರು ನೀರನ್ನು ಮಾತ್ರ ಸ್ವೀಕರಿಸುವ ಅನುಪವಾಸವನ್ನು ಮಾಡಲಿ, ಅದಕ್ಕೂ ಅಶಕ್ತರು ಆಚಾಮ್ಲ, ನಿರ್ವಿಕೃತಿ ಮೊದಲಾದ ನೀರಸ ಆಹಾರದ ವ್ರತಗಳನ್ನು ಮಾಡಲಿ. ಶಕ್ತಿಯನ್ನರಿತು ಮಾಡಿದ ತಪಸ್ಸೇ ಶ್ರೇಯಸ್ಕರವೆಂಬುದು ಅವರ ಅಭಿಪ್ರಾಯ. ಅಕ್ಕ ಈಗ ವೈದ್ಯರನ್ನು ಕೇಳಿ, ಚತುರ್ದಶಿಯಂದು ಹಾಲು ತುಪ್ಪ ಬೆಲ್ಲಗಳಿಲ್ಲದ ಒಂದು ಹೊತ್ತಿನ ಊಟವನ್ನು ಮಾಡುತ್ತಾಳೆ. ಗುಳಿಗೆಯನ್ನು ಆ ಊಟದೊಡನೆ ತೆಗೆದುಕೊಳ್ಳುತ್ತಾಳೆ. ಸಂಜೆ ಸಾಮಾಯಿಕಕ್ಕೆ ಮುಂಚೆ ತಾನೇ ಕಿವಿಯನ್ನೊತ್ತಿಕೊಳ್ಳುತ್ತಾಳೆ, ನನ್ನನ್ನು ಕರೆಯುವುದಿಲ್ಲ.

ಕಡೆಯದಾಗಿ ಅಂಗಡಿಗಳಲ್ಲಿ ದೊರೆಯುವ ಬೀಜದ ಪಟ್ಟಿಗಳ ವಿಷಯ. ಚೀನದಲ್ಲಿ ವಕ್ಕೇರಿಯ ಎಂಬ ಗಿಡದ ಬೀಜವನ್ನು ಅಂಟುಪಟ್ಟಿಯಿಂದ ಕಿವಿಗೆ ಅಂಟಿಸಿ ದಿನಕ್ಕೆ ಹಲವು ಸಲ ಒತ್ತುತ್ತಾರೆ. ನಮ್ಮಲ್ಲಿ ಸಾಸಿವೆ, ಮೆಂತೆ, ಹೆಸರುಕಾಳುಗಳನ್ನು ಅಂಟಿಸುವವರಿದ್ದಾರೆ. ಬೀಜವು ಮೊಳೆಯುವ ಶಕ್ತಿಯುಳ್ಳದ್ದು. ಸಚಿತ್ತತ್ಯಾಗ ಪ್ರತಿಮೆಯನ್ನು ಹೇಳುವಾಗ ಸಮಂತಭದ್ರಾಚಾರ್ಯರು ಬೇರು, ಹಣ್ಣು, ಸೊಪ್ಪುಗಳೊಡನೆ ಬೀಜವನ್ನೂ ಎಣಿಸಿದ್ದಾರೆ. ಅಲ್ಲಿ ನಿಷೇಧವಿರುವುದು ತಿನ್ನುವುದಕ್ಕೆ, ಮುಟ್ಟುವುದಕ್ಕಲ್ಲ ಎಂದು ವಾದಿಸಬಹುದು. ಆದರೂ ಬೆವರಿನ ತೇವದಲ್ಲಿ ಎರಡು ಮೂರು ದಿನ ಜೀವವುಳ್ಳ ಬೀಜವನ್ನು ಅದುಮಿಟ್ಟು ನೂರಾರು ಸಲ ಒತ್ತುವುದು, ಅಷ್ಟಮಿಯಂದು ಹಸಿರು ಕಾಯಿಪಲ್ಯವನ್ನೂ ಮುಟ್ಟದ ಮನೆತನಗಳಿಗೆ ಒಪ್ಪುವ ಕೆಲಸವಲ್ಲ. ಪಟ್ಟಿಯ ಕೆಳಗೆ ಚರ್ಮವು ಕೆರೆತವಾಗಿ ಹುಣ್ಣಾಗುವುದೂ ಉಂಟು. ಬೆರಳಿದ್ದಾಗ ಬೀಜವೇಕೆ? ಈಗಾಗಲೇ ಅಂಟಿಸಿಕೊಂಡವರು ಸಪ್ತಮಿ ಅಥವಾ ತ್ರಯೋದಶಿಯ ಧಾರಣೆಯ ದಿನ, ಏಕಭುಕ್ತಕ್ಕೆ ಕುಳಿತುಕೊಳ್ಳುವ ಮೊದಲೇ ಅವನ್ನು ತೆಗೆದಿಡಬೇಕು.